ಸಾಣೆಯವನ ಮಗಳ ಚಾಕು

ನನ್ನ ಗಂಡ ಸಾಣೆ ಹಿಡಿಯುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕತ್ತರಿಗಳ ಕೆಲಸ ನನ್ನದು, ಚಾಕುಗಳದು ಅವರದು. ಚಾಕು ತಂದವರಿಗೆಲ್ಲ ಇಪ್ಪತ್ತು ವರ್ಷದಿಂದ ಒಂದೇ ಪಾಠ: "ಮೊಂಡು ಚಾಕು ಇಟ್ಕೋಬೇಡಿ ಸ್ವಾಮಿ. ಅದು ಕಚ್ಚಲ್ಲ, ಜಾರುತ್ತೆ. ಜಾರಿದ್ದು ಸೀದಾ ಕೈಗೇ ಬರುತ್ತೆ." ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಇನ್ನೊಂದು ಪದ್ಧತಿ ಇದೆ. ಉಗುರಿಗೆ ಹಿಡಿದು ನೋಡದೆ ಯಾವ ಚಾಕುವೂ ನಮ್ಮ ಹೊಸ್ತಿಲು ದಾಟುವುದಿಲ್ಲ. ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ, ಭಾರ ಬಿಡದೆ ಇಡಬೇಕು. ಹರಿತವಿದ್ದರೆ ಅಲ್ಲೇ ಕಚ್ಚಿ ನಿಲ್ಲುತ್ತದೆ. ಜಾರಿದರೆ ಮತ್ತೆ ಕಲ್ಲಿಗೆ.

ನಮ್ಮ ಒಬ್ಬಳೇ ಮಗಳು ಚೂಟಿ. ಶಾಲೆಯ ಪುಸ್ತಕದಲ್ಲಿ ಬೇರೆ ಹೆಸರಿದೆ, ಕರೆಯುವವರಿಲ್ಲ. ಒಂಬತ್ತು ತುಂಬಿದ್ದೇ ತಡ, ಮಡಚುವ ಚಾಕು ಬೇಕು ಎಂದು ಗಂಟುಬಿದ್ದಳು.

"ಹಾಲುಗಲ್ಲದ ಮಗು, ಅದಕ್ಕೆ ಚಾಕು ಬೇರೆ ಕೇಡು," ಎಂದರು ಇವರು.

ನಾನು ಬಿಡಲಿಲ್ಲ. ಮಗುವನ್ನು ನೋಡಿದ್ದೆನಲ್ಲ! ಕತ್ತರಿ ಕೆಳಗಿಡುವ ಮುಂಚೆ ಮುಚ್ಚುತ್ತಾಳೆ. ಯಾರಿಗಾದರೂ ಕೊಡುವಾಗ ಹಿಡಿ ಮುಂದೆ ಮಾಡುತ್ತಾಳೆ. ಒಮ್ಮೆ ಡಬ್ಬಿಯ ಮುಚ್ಚಳ ಬೆರಳು ಕೊಯ್ದಾಗ ಅಳದೆ, ಮುಚ್ಚಿಡದೆ ಬಂದು ತೋರಿಸಿದ್ದಳು. ಇನ್ನೇನು ಬೇಕು? ಕೊಂಬು ಬರಬೇಕಾ?

"ಅವಳು ತಯಾರಿದ್ದಾಳೆ ಕಣ್ರೀ, ತಯಾರಿಲ್ದೆ ಇರೋದು ನೀವು," ಎಂದೆ.

ಆರು ತಿಂಗಳು ನಡೆಯಿತು ಈ ಜಗ್ಗಾಟ. ಒಂದು ಭಾನುವಾರ ಬೆಳಿಗ್ಗೆ ಅವರೇ ಮರದ ಹಿಡಿಯ ಒಂದು ಪುಟ್ಟ ಚಾಕು ತಂದು ಅವಳ ಅಂಗೈಯಲ್ಲಿಟ್ಟರು. ಹುಡುಗಿಗೆ ಭೂಮಿ ಮೇಲೆ ಕಾಲೇ ನಿಲ್ಲಲಿಲ್ಲ.

"ಉಗುರಿಗೆ ಹಿಡಿದು ನೋಡೋದು ಬೇಡ್ವಾ ಅಪ್ಪ?"

"ನಿಮ್ಮಪ್ಪ ಮಸೆದ ಚಾಕೂನ ಪರೀಕ್ಷೆ ಮಾಡ್ತೀಯೇನೇ, ಕಳ್ಳೀ!" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೂರನೆಯ ದಿನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮರದ ತುಂಡಿನಲ್ಲಿ ದೋಣಿ ಕೆತ್ತುತ್ತಿದ್ದಳು. "ಅಮ್ಮಾ" ಎಂದು ಒಂದೇ ಸಲ ಕೂಗಿದಳು. ಓಡಿ ಹೋಗಿ ನೋಡಿದರೆ ಚಾಕುವಿನ ಮೊನೆ ನುಗ್ಗಿ ಎಡಗೈಯ ತೋರುಬೆರಳು ಎಲುಬು ಕಾಣುವಷ್ಟು ಸೀಳಿತ್ತು. ಚಾಕುವನ್ನು ಮಡಚಿ ಪಕ್ಕದಲ್ಲಿಟ್ಟಿದ್ದಳು ನನ್ನ ಕಂದ, ಅಷ್ಟು ರಕ್ತ ಸುರಿಯುವಾಗಲೂ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬೆರಳು ಮಡಚುವ ನರವೇ ತುಂಡಾಗಿದೆ, ಜೋಡಿಸಿದ್ದೇವೆ, ನೋಡೋಣ ಎಂದರು ಡಾಕ್ಟರು. ತಿಂಗಳ ಮೇಲೆ ಕಟ್ಟು ಬಿಚ್ಚಿ ನೋಡಿದರೆ ಬೆರಳು ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು. ಇನ್ನು ಅದು ಮಡಚುವುದಿಲ್ಲ ಎಂದರು.

ಆ ತಿಂಗಳಿಡೀ ಗೂಬೆ ನನ್ನ ತಲೆಯ ಮೇಲೇ ಕೂತಿತ್ತು. "ಮಗೂಗೆ ಚಾಕು ಕೊಡ್ಸಿದ ಮಹಾತಾಯಿ ನೀನೇ ಅಲ್ವೇನಮ್ಮಾ," ಎಂದು ಅತ್ತೆ ಊಟದ ತಟ್ಟೆಯ ಮುಂದೆಯೇ ಹಂಗಿಸಿದರು. ಇವರು ತಲೆ ಎತ್ತದೆ, "ನಾನು ಬೇಡ ಅಂತ ಬಡ್ಕೊಂಡೆ," ಎಂದು ಮಾತ್ರ ಹೇಳಿದರು. ತಪ್ಪು ನನ್ನದೇ ಎಂದು ನಂಬಿದ್ದೆ. ಮಗಳ ಕೈ ಕಂಡಾಗಲೆಲ್ಲ ನನ್ನ ಕೈಯನ್ನೇ ಕಡಿದುಕೊಳ್ಳಬೇಕು ಅನ್ನಿಸುತ್ತಿತ್ತು.

ಚೂಟಿ ಹೇಳಿದ್ದು ಇನ್ನೂ ಕೆಟ್ಟದ್ದು. "ಅಪ್ಪ ಹೇಳಿದ್ದೇ ಸರಿ ಅಮ್ಮ. ನಂಗೆ ಕೈ ಸರಿ ಇಲ್ಲ. ನಾನು ಇನ್ಮೇಲೆ ಅಂಗಡಿ ಸಾಮಾನು ಮುಟ್ಟಲ್ಲ." ಮಾತಿನಂತೆ ಕತ್ತರಿಯನ್ನೂ ಮುಟ್ಟಲಿಲ್ಲ. ಕಾಗದವನ್ನು ಮಡಚಿ ಮಡಚಿ ಹರಿಯುತ್ತಿದ್ದಳು.

ಕಟ್ಟು ಬಿಚ್ಚಿದ ಮಾರನೆಯ ದಿನ ಮಧ್ಯಾಹ್ನ ಅವಳ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ದಾರ ಕತ್ತರಿಸಲು ಮೇಜಿನ ಖಾನೆಗೆ ಕೈ ಹಾಕಿದರೆ ಸಿಕ್ಕಿದ್ದು ಅದೇ ಚಾಕು. ದಾರಕ್ಕೆ ಒತ್ತಿ ಎಳೆದೆ. ದಾರ ಬಾಗಿತೇ ಹೊರತು ತುಂಡಾಗಲಿಲ್ಲ. ಕಿಟಕಿಯ ಬಳಿ ಹೋಗಿ ಅಲಗನ್ನು ಮೇಲ್ಮುಖವಾಗಿ ಹಿಡಿದೆ. ಹರಿತವಾದ ಅಂಚು ಬೆಳಕಿಗೆ ಕಾಣುವುದಿಲ್ಲ, ಮೊಂಡಾದದ್ದು ಹೊಳೆಯುತ್ತದೆ. ಇದು ಬುಡದಿಂದ ತುದಿಯವರೆಗೆ ಬಿಳಿ ಗೆರೆಯಾಗಿ ಹೊಳೆಯುತ್ತಿತ್ತು. ಬಳಸಿ ಸವೆದದ್ದಲ್ಲ. ಯಾರೋ ಕಲ್ಲಿಗೆ ನೆಟ್ಟಗೆ ಹಿಡಿದು ಸಮವಾಗಿ ಉಜ್ಜಿದ್ದರು. ಅಷ್ಟು ಸಮವಾಗಿ ಉಜ್ಜುವ ಕೈ ನಮ್ಮ ಮನೆಯಲ್ಲಿ ಒಂದೇ.

ಅಂಗಡಿಗೆ ಹೋಗಿ ಸಾಣೆಚಕ್ರ ನಿಲ್ಲಿಸಿ ಚಾಕುವನ್ನು ಅವರ ಮುಂದೆ ಹಿಡಿದೆ.

"ಏನ್ರೀ ಇದು?"

"ಹೆದ್ರಿಕೆ ಆಯ್ತು ಕಣೇ," ಎಂದರು. "ಮೊಂಡು ಇದ್ರೆ ಆಟ ಆಡ್ಕೊಂಡು ಸುಮ್ನಾಗ್ತಾಳೆ ಅಂದ್ಕೊಂಡೆ."

"ಊರಿಗೆಲ್ಲಾ ಪಾಠ ಹೇಳೋರಿಗೆ ಇದು ಗೊತ್ತಿರ್ಲಿಲ್ವಾ? ಮರ ಕಚ್ದೆ ಇದ್ರೆ ಮಗು ಒತ್ತುತ್ತೆ, ಒತ್ತಿದ್ರೆ ಜಾರುತ್ತೆ!"

"ಗೊತ್ತಿತ್ತು. ನನ್ನ ಮಗಳು ಅಂತ ಬಂದಾಗ ಬುದ್ಧಿ ಮಂಕಾಯ್ತು."

"ಒಂದು ತಿಂಗಳು ನನ್ನನ್ನ ಬೇಯಿಸಿದ್ರಲ್ಲ, ಆಗ್ಲೂ ಮಂಕಾಗಿತ್ತಾ? ನಂದು ಹಾಳಾಗ್ಲಿ. ಅವಳು ತನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಕೂತಿದ್ದಾಳೆ. ಹೋಗಿ ಹೇಳಿ. ಈಗ್ಲೇ."

ಹೋದರು. ನಾನು ಬಾಗಿಲಲ್ಲಿ ನಿಂತೆ. ಮಗಳ ಪಕ್ಕ ಕೂತು ಆ ಬೆರಳು ಸವರಿದರು. ಗಂಟಲು ಸರಿಮಾಡಿಕೊಂಡರು. ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ.

"ಬೇಜಾರು ಮಾಡ್ಕೋಬೇಡ ಮಗಳೇ," ಎಂದರು. "ಚಿಕ್ಕೋಳು ನೀನು. ಇನ್ನೆರಡು ವರ್ಷ ಬಿಟ್ಟು ನೋಡೋಣ."

ಥೂ!

ನಾನು ಒಳಗೆ ಹೋಗಿ ಚಾಕು ಬಿಚ್ಚಿ ಹಿಡಿಯನ್ನು ಚೂಟಿಯ ಮುಂದೆ ಮಾಡಿದೆ. ಅವಳು ಹಿಂದೆ ಸರಿದಳು.

"ಉಗುರಿಗೆ ಹಿಡಿದು ನೋಡು ಪುಟ್ಟಾ. ಅವತ್ತು ನೋಡ್ಲೇ ಇಲ್ವಲ್ಲ ನೀನು."

ಆಮೇಲೆ ಚಾಕು ತೆಗೆದುಕೊಂಡು ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟಳು. ಜಾರಿತು. ಮತ್ತೆ ಇಟ್ಟಳು. ಮತ್ತೆ ಜಾರಿತು. ಎದ್ದು ಕಿಟಕಿಯ ಬೆಳಕಿಗೆ ಹಿಡಿದು ಆ ಬಿಳಿ ಗೆರೆಯನ್ನು ಬಹಳ ಹೊತ್ತು ನೋಡಿದಳು. ಸಾಣೆಯವನ ಮಗಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಪ್ಪಾ," ಎಂದಳು, "ಅವತ್ತು ನಾನು ಸರಿಯಾಗೇ ಹಿಡ್ಕೊಂಡಿದ್ದೆ ಅಲ್ವಾ?"

ಅವರು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದರು. ಆಮೇಲೆ ಕೈ ಚಾಚಿ, "ಕೊಡು ಮಗಳೇ, ಚೆನ್ನಾಗಿ ಮಸೆದು ಕೊಡ್ತೀನಿ," ಎಂದರು.

ಚೂಟಿ ಚಾಕುವನ್ನು ಮಡಚಿದಳು. ಮಡಚದ ಬೆರಳನ್ನು ದೂರವಿಟ್ಟು, ಉಳಿದ ಬೆರಳುಗಳಲ್ಲೇ ಜೋಪಾನವಾಗಿ ಮಡಚಿದಳು. ಅಪ್ಪನ ಚಾಚಿದ ಕೈಯನ್ನು ದಾಟಿ ನನ್ನ ಹತ್ತಿರ ಬಂದಳು.

"ಅಮ್ಮ ಮಸೀಲಿ," ಎಂದಳು.