ತಿಂಪ್ಸಿಲ ಅಗೆಯಲು ಹೋದವರು

ನಮ್ಮತ್ತೆ ಡೆಲ್ಫೀನ್ ಅವರಿಗೆ ಚಳಿಗಾಲದಲ್ಲಿ ಮಂಡಿಯ ಆಪರೇಷನ್ ಆಗಿತ್ತು. ಮಂಡಿಯೂರಬಾರದೆಂದು ಡಾಕ್ಟರು ಹೇಳಿದ್ದರು. ಆದರೆ ಜೂನ್ ಬಂದು, ಗುಡ್ಡದ ಹುಲ್ಲಿನ ನಡುವೆ ತಿಂಪ್ಸಿಲ ಎಂಬ ಕಾಡುಗಡ್ಡೆಯ ಗಿಡ ನೀಲಿ ಹೂ ಬಿಟ್ಟ ಮೇಲೆ ಅವರನ್ನು ಮನೆಯಲ್ಲಿ ಹಿಡಿದಿಡುವುದು ಯಾರಿಂದಾದೀತು? ಸ್ವಲ್ಪ ತಡವಾದರೂ ಗಿಡ ಒಣಗಿ, ಬುಡದಲ್ಲೇ ಮುರಿದು, ಗಾಳಿಗೆ ಉರುಳಿಹೋಗುತ್ತದೆ. ಆಮೇಲೆ ಗಡ್ಡೆ ಎಲ್ಲಿದೆಯೆಂದು ಗೊತ್ತೇ ಆಗುವುದಿಲ್ಲ. ನನ್ನ ಮಗಳಿಗೆ ನಮ್ಮ ಲಕೋಟಾ ಬುಡಕಟ್ಟಿನ ಭಾಷೆಯಲ್ಲಿ ಹೆಸರಿಡುವ ದಿನ ಬೇರೆ ಹತ್ತಿರ ಬಂದಿತ್ತು. ತಿಂಪ್ಸಿಲ ಹಾಕಿದ ಮಾಂಸದ ಸಾರಿಲ್ಲದೆ ಬಂದವರಿಗೆ ಏನು ಬಡಿಸುವುದು?

ಮಾವ ನಾರ್ಸಿಸ್ ಬೇಡವೆಂದರು. ಅವರು ಅತ್ತ ಹೋದದ್ದೇ ತಡ, ಅತ್ತೆ ಮೈದುನ ಆರ್ವಿಲ್ ಅವರನ್ನು ಕರೆಸಿಕೊಂಡರು. ಅತ್ತೆ ಪಿಕಪ್ಪಿನ ಹಿಂಬದಿಯಲ್ಲಿ ಕೂತು ತೋರಿಸುವುದು, ಆರ್ವಿಲ್ ಹಾರೆ ಹಿಡಿದು ಅಗೆಯುವುದು ಎಂದು ಮಾತಾಯಿತು.

"ಇದಾ ಅತ್ತಿಗೆ?"

"ಅದು ಕಳೆ ಕಣೋ. ಹೆಣ್ಣು ಹುಡುಕುವಾಗ್ಲೂ ಹೀಗೇ ಹುಡುಕಿದ್ದೆ ನೀನು."

"ಅದಕ್ಕೇ ಎರಡು ಸಲ ಮದುವೆ ಆದೆ. ಅಣ್ಣ ಪಾಪ, ಮೊದಲನೇ ಸಲಕ್ಕೇ ಸಿಕ್ಕಿಹಾಕ್ಕೊಂಡ."

ಆರ್ವಿಲ್ ಮೊದಲ ಗಡ್ಡೆಯನ್ನೇ ನಡುವೆ ಮುರಿದರು. ಅತ್ತೆಗೆ ತಡೆಯಲಾಗಲಿಲ್ಲ. ಕೆಳಗಿಳಿದು, ಕಾಲು ಚಾಚಿ ನೆಲದ ಮೇಲೆ ಕೂತು, ಹಾರೆ ಕಿತ್ತುಕೊಂಡರು. ಗಿಡದ ಒಂದು ಕವಲು ಮುಂದಿನ ಗಿಡದ ಕಡೆಗೆ ಬೊಟ್ಟು ಮಾಡುತ್ತದೆ ಎನ್ನುತ್ತಾರೆ ನಮ್ಮವರು. ಅತ್ತೆ ಆ ದಿಕ್ಕು ಹಿಡಿದು ಕೂತಂತೆಯೇ ತೆವಳುತ್ತ ಅಗೆದರು. ಮತ್ತೆ ಹುಟ್ಟಲೆಂದು ಹೂವಿನ ತಲೆಯನ್ನು ಕುಳಿಗೇ ಹಾಕಿ ಮಣ್ಣು ಮುಚ್ಚುತ್ತ ಹೋದರು. ಚೀಲ ತುಂಬಿತು.

ಆಗ ನೋಡಿದರೆ ಏಳಲು ಆಗುತ್ತಿಲ್ಲ. ಎತ್ತಲು ಹೋದ ಆರ್ವಿಲ್ ಅವರ ಸೊಂಟ ಹಿಡಿದುಕೊಂಡಿತು. ಅವರೂ ಪಕ್ಕದಲ್ಲೇ ಕುಸಿದರು. ನಕ್ಕು ನಕ್ಕು ಸುಸ್ತಾದ ಮೇಲೆ, ಸುಮ್ಮನೆ ಕೂತು ಮಾಡುವುದೇನು ಎಂದು ಇಬ್ಬರೂ ಗಡ್ಡೆಯ ಸಿಪ್ಪೆ ಸುಲಿದು, ಬಾಲದಂಥ ಬೇರುಗಳನ್ನು ಸೇರಿಸಿ ಜಡೆ ಹೆಣೆಯತೊಡಗಿದರು.

ಸಂಜೆ ನಾನೂ ಮಾವನೂ ಹುಡುಕಿಕೊಂಡು ಹೋದಾಗ ಅವರ ನಡುವೆ ಉದ್ದನೆಯ ಬಿಳಿ ಜಡೆ ಬಿದ್ದಿತ್ತು.

"ಡಾಕ್ಟರು ಏನು ಹೇಳಿದ್ರು?" ಎಂದರು ಮಾವ.

"ಮಂಡಿ ಊರಬೇಡ ಅಂದ್ರು. ಊರಲಿಲ್ಲ."

ಮಾವ ಬೈಯುತ್ತಾರೆಂದುಕೊಂಡೆ. ಅತ್ತೆ ಒಂದು ಹಸಿ ಗಡ್ಡೆ ಸುಲಿದು ಅವರತ್ತ ಚಾಚಿದರು. ಮಾವ ಕಚ್ಚಿ ನೋಡಿ, ಮೆಲ್ಲಗೆ ಹೆಂಡತಿಯ ಪಕ್ಕದಲ್ಲೇ ಕೂತುಬಿಟ್ಟರು.

"ನೀವೂ ಕೂತ್ರಾ ಮಾವ? ಮೂವರನ್ನೂ ಎಬ್ಬಿಸೋರು ಯಾರು?" ಎಂದೆ.

"ನೀನೇ ಕಣಮ್ಮ. ಅವಸರ ಇಲ್ಲ," ಎಂದರು ಅತ್ತೆ.

ಬಿಸಿಲು ಇಳಿಯುವವರೆಗೂ ಅಲ್ಲೇ ಕೂತಿದ್ದೆವು. ಆಮೇಲೆ ಒಬ್ಬೊಬ್ಬರನ್ನೇ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ಗಾಡಿ ಹತ್ತಿಸಿದೆ. ದಾರಿಯುದ್ದಕ್ಕೂ ಮೂವರೂ ನನ್ನ ಡ್ರೈವಿಂಗಿಗೆ ಹೆಸರಿಡುತ್ತಲೇ ಬಂದರು.