ಮಡಚುವ ಚಾಕಿನ ಪರೀಕ್ಷೆ

ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕ ವೆಂಕಣ್ಣ ತನ್ನ ಹಮಾಲರ ಮೇಸ್ತ್ರಿ ಪ್ರಭುಲಿಂಗನಿಗೆ ಒಂದು ಮಡಚುವ ಚಾಕು ಕೊಟ್ಟ. ದಪ್ಪ ಅಲಗು, ಕೈಯಲ್ಲಿ ಹಿಡಿದರೆ ಒಳ್ಳೆಯ ತೂಕ.

"ಒಂದು ತಿಂಗಳು ನೋಡ್ರಿ. ಗಟ್ಟಿ ಅನ್ನಿಸಿದ್ರ ಹನ್ನೆರಡೂ ಮಂದಿಗೆ ತರಿಸ್ತೀನಿ."

ನಲವತ್ತು ವರ್ಷ ಚೀಲ ಹೊತ್ತು, ಹೊರಿಸಿ ಬಾಳಿದ ಪ್ರಭುಲಿಂಗ ಯಾವ ವಸ್ತುವನ್ನೂ ಸುಮ್ಮನೆ ಹೊಗಳುವವನಲ್ಲ. ಆ ಚಾಕಿನಿಂದ ಗೋಣಿಚೀಲದ ಹೊಲಿಗೆ ಬಿಚ್ಚಿಸಿದ, ಲಾರಿಯ ನೈಲಾನ್ ಹಗ್ಗ ಕೊಯ್ಯಿಸಿದ, ಮಷೀನಿನ ಹಳೆಯ ಬೆಲ್ಟು ಸೀಳಿಸಿದ. ಅಲಗಿನ ಬೆನ್ನನ್ನು ಹಲಗೆಗೆ ಒತ್ತಿ, ತೆರೆದ ಅಲಗನ್ನು ಹಿಡಿದಿಡುವ ಲಾಕು ಜಾರುವುದೇ ಎಂದು ದಿನಕ್ಕೆರಡು ಸಲ ನೋಡಿದ. ಮೂರು ವಾರ ಜಾರಲಿಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅದು ಹಮಾಲ ಹುಲುಗೇಶನ ಕೈಯಲ್ಲಿ ಮುಚ್ಚಿಕೊಂಡಿತು. ಬೆಲ್ಟಿನಲ್ಲಿ ಸಿಕ್ಕ ಅಲಗನ್ನು ಕೀಳಲು ಅವನು ಹಿಂದಕ್ಕೆ ಅಲ್ಲಾಡಿಸಿದ್ದ. ಬಲಗೈಯ ತೋರುಬೆರಳಿನ ನರ ಕಡಿದುಹೋಯಿತು. ಡಾಕ್ಟರು ಹೊಲಿಗೆ ಹಾಕಿದರು. ಅವನು ಕುರುಗೋಡಿನ ತನ್ನ ಮನೆ ಸೇರಿದ.

ಚಾಕನ್ನು ತೊಳೆದು ಮತ್ತೆ ಒತ್ತಿ ನೋಡಿದರೆ ಲಾಕು ಅಲುಗಲಿಲ್ಲ.

"ಅವನು ಕುಡಿದಿದ್ದ," ಎಂದ ವೆಂಕಣ್ಣ.

"ಅವನು ಕುಡಿಯೂದಿಲ್ರಿ."

"ಹಂಗಾದ್ರ ಚಾಕು ತಾನಾಗೇ ಮುಚ್ಚಿಕೊಂತೇನು? ಬಳ್ಳಾರಿಗೆ ಹೋಗಿ, ಕೊಂಡ ಅಂಗಡ್ಯಾಗ ತೋರಿಸಿ ಬರ್ರಿ. ಚಾಕಿಂದು ತಪ್ಪಿಲ್ಲ ಅಂತ ನೀವಂದ್ರ ಹುಲುಗೇಶ ಇನ್ನ ಬರೂದು ಬ್ಯಾಡ. ಕುಡಿದು ಮಷೀನಿನ ಹತ್ರ ನಿಲ್ಲೋರು ನನಗ ಬೇಕಾಗಿಲ್ಲ."

ಹೀಗೆ ಒಬ್ಬನ ಕೆಲಸ ಪ್ರಭುಲಿಂಗನ ಒಂದು ಮಾತಿಗೆ ಬಂದು ನಿಂತಿತು.

ಬಳ್ಳಾರಿಯಲ್ಲಿ ಆ ಅಂಗಡಿ ನಡೆಸುವವಳು ಪಂಪಾವತಿ. ಅವಳು ಸ್ಕ್ರೂ ಬಿಚ್ಚಿ ಚಾಕನ್ನು ಎರಡು ಹೋಳು ಮಾಡಿದಳು. ಲಾಕಿನ ತಗಡಿನ ಹಿಂದೆ ಸೂಜಿಯಿಂದ ಕೆದಕಿದಾಗ ಬೂದು ಬಣ್ಣದ ಗಟ್ಟಿ ಚೂರುಗಳು ಕಾಗದದ ಮೇಲೆ ಬಿದ್ದವು.

"ಏನ್ರಿ ಯಜಮಾನ್ರ, ಇದರಲೇ ಗ್ವಾಡಿಗೆ ಸಿಮೆಂಟ್ ಹಚ್ಚಿದ್ರೇನು?"

ಪ್ರಭುಲಿಂಗ ಒಂದು ಚೂರನ್ನು ಬೆರಳಲ್ಲಿ ತಿಕ್ಕಿದ. ದಿನಾ ಸ್ನಾನವಾದ ಮೇಲೆ ಹಣೆಗೆ ಹಚ್ಚುವುದನ್ನು ಗುರುತಿಸಲು ಎಷ್ಟು ಹೊತ್ತು ಬೇಕು?

"ವಿಭೂತಿ," ಎಂದ.

ಪಂಪಾವತಿ ನಕ್ಕಳು. ಅವನ ಮುಖ ನೋಡಿ ನಿಲ್ಲಿಸಿದಳು. "ಈ ತಗಡು ಪೂರ್ತಿ ಒಳಗ ಬಂದು ಕೂಡಬೇಕ್ರಿ. ನಡುವ ಇಂಥದ್ದು ಸಿಕ್ಕರ ಕೂತಂಗ ಕಾಣತೈತಿ, ಕೂತಿರೂದಿಲ್ಲ. ಆಮ್ಯಾಲೆ ತೊಳೆದೀರಿ, ಅಡ್ಡ ಇದ್ದದ್ದು ಹೋಗೇತಿ."

ಗಿರಣಿಯಲ್ಲಿ ಪ್ರತಿ ಅಮಾವಾಸ್ಯೆ ತಕ್ಕಡಿ, ಕೊಕ್ಕೆ, ದಬ್ಬಣ ಎಲ್ಲವನ್ನೂ ಸಾಲಾಗಿಟ್ಟು ಪೂಜೆ ಮಾಡುವುದುಂಟು. ಅಲ್ಲೇ ಅಕ್ಕಿ ಹಸನು ಮಾಡುತ್ತಿದ್ದ ಪ್ರಭುಲಿಂಗನ ಹೆಂಡತಿ ಚನ್ನವೀರಮ್ಮ ಇಪ್ಪತ್ತು ವರ್ಷ ಆ ಪೂಜೆ ನಡೆಸಿದ್ದಳು. ನಾಲ್ಕು ತಿಂಗಳ ಹಿಂದೆ ಅವಳು ಲಿಂಗೈಕ್ಯಳಾದ ಮೇಲೆ ಅದು ಇವನ ಪಾಲಿಗೆ ಬಂತು. ಅವಳು ಹತಾರಗಳ ಹಿಡಿಕೆಗೆ ಮಾತ್ರ ಒಂದು ಬೊಟ್ಟು ಇಡುತ್ತಿದ್ದಳು. ಯಾಕೆಂದು ಇವನು ಕೇಳಿರಲಿಲ್ಲ. ಈ ಅಮಾವಾಸ್ಯೆ ಇವನು ವಿಭೂತಿ ನೆನೆಸಿ, ತೆರೆದ ಚಾಕಿನ ಮೇಲೆ ಸಂದಿಯೂ ಸೇರಿದಂತೆ ಮೂರು ಬೆರಳು ಎಳೆದಿದ್ದ. ಅವಳಿಲ್ಲವೆಂದು ಪೂಜೆಯಲ್ಲಿ ಕೊರತೆಯಾಗಬಾರದೆಂದು ಇನ್ನೊಂದು ಸಲವೂ ಎಳೆದಿದ್ದ.

"ಲಾಕ್ ಸಡಿಲ ಇತ್ತು ಅಂತ ಹೇಳಿಬಿಡ್ರಿ," ಎಂದಳು ಪಂಪಾವತಿ. "ನಾನು ಬ್ಯಾರೆ ಕೊಡ್ತೀನಿ. ಯಾರ ಮ್ಯಾಲೂ ಬರೂದಿಲ್ಲ."

ಆ ಮಾತಿನಲ್ಲಿ ಹುಲುಗೇಶನೂ ಉಳಿಯುತ್ತಿದ್ದ, ಪ್ರಭುಲಿಂಗನೂ ಉಳಿಯುತ್ತಿದ್ದ. ಅವನು ಸ್ವಲ್ಪ ಹೊತ್ತು ಕಾಗದದ ಮೇಲಿನ ಚೂರುಗಳನ್ನು ನೋಡಿದ. ಆಮೇಲೆ ಚಾಕನ್ನು ಜೋಡಿಸಿಕೊಂಡು ಕುರುಗೋಡಿನ ಬಸ್ಸು ಹತ್ತಿದ.

ಹುಲುಗೇಶ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿ ಜಡೆಮ್ಮ ನೀರು ತಂದಿಟ್ಟಳು. ಪ್ರಭುಲಿಂಗ ನೀರು ಮುಟ್ಟದೆ ಎಲ್ಲವನ್ನೂ ಹೇಳಿದ.

"ಹಂಗಾದ್ರ ಇವರು ಕುಡಿದಿದ್ರು ಅಂತ ಮಂದಿ ಅಂದದ್ದು?" ಎಂದಳು ಜಡೆಮ್ಮ.

"ಸುಳ್ಳವ್ವ."

"ನನಗ್ಯಾಕ ಹೇಳ್ತೀರಿ? ನಿಮ್ಮ ಸಾವ್ಕಾರಗ ಹೇಳ್ರಿ. ಇಲ್ಲೇ, ನನ್ನ ಮುಂದ."

ಪ್ರಭುಲಿಂಗ ಅಲ್ಲಿಂದಲೇ ಫೋನು ಹಚ್ಚಿದ. ವೆಂಕಣ್ಣ ಕೇಳಿಸಿಕೊಂಡು, "ದೇವರ ಕೆಲಸ ಮಾಡಾಕ ಹೋಗಿ ಆಗೇತಿ. ಅದಕ್ಕ ಯಾರನ್ನ ಏನನ್ನೂದು?" ಎಂದ.

"ನನ್ನನ್ನ ಅನ್ರಿ. ದೇವರು ಅಷ್ಟು ವಿಭೂತಿ ಬಳಿ ಅಂದಿದ್ದಿಲ್ಲ. ಹುಲುಗೇಶ ಕೈ ಮಾಗಿದ ಮ್ಯಾಲೆ ಕೆಲಸಕ್ಕ ಬರ್ತಾನ. ಚಾಕು ಗಟ್ಟಿ ಐತಿ, ತರಿಸ್ರಿ. ಪೂಜಿ ನಾನು ಮಾಡೂದಿಲ್ಲ."

"ಆಗ್ಲಿ, ಬರಾಕ ಹೇಳ್ರಿ," ಎಂದು ವೆಂಕಣ್ಣ ಫೋನಿಟ್ಟ.

ಜಡೆಮ್ಮ ಒಳಗೆ ಹೋದಳು. ಊಟಕ್ಕೆ ಏಳ್ರಿ ಎನ್ನಲಿಲ್ಲ. ಪ್ರಭುಲಿಂಗನೂ ಅದನ್ನು ಬಯಸಿರಲಿಲ್ಲ.

"ಎಲ್ಲಾರೂ ಅಂದು ಅಂದು ನನಗ ಅನುಮಾನ ಬಂದಿತ್ತು ತಾತ," ಎಂದ ಹುಲುಗೇಶ, "ಖರೇನ ಕುಡಿದಿದ್ದೆನೇನೋ ಅಂತ."

"ಬೆರಳು ಹೆಂಗೈತಿ?"

"ಬಾಗವಲ್ದು. ಡಾಕ್ಟರ್ ನೋಡೂಣು ಅಂದಾರ."

ಪ್ರಭುಲಿಂಗ ಎದ್ದು ಹೋಗಲಿಲ್ಲ. ಹುಲುಗೇಶ ಎಡಗೈಯಿಂದ ಎಲೆ ಅಡಿಕೆಯ ಸಂಚಿಯನ್ನು ಅವನತ್ತ ಸರಿಸಿದ.

"ಒಂದು ಎಲಿ ಹಚ್ಚಿ ಕೊಡು. ಒಂದ ಕೈಲೆ ನನಗ ಆಗವಲ್ದು."