ದಡದ ಮೇಲೆ ನಿಲ್ಲದವರು

“ಸಹಿ ಹಾಕಲ್ಲ ಅಂದ್ರೆ ಹಾಕಲ್ಲ. ಇನ್ನೆಷ್ಟು ಸಲ ಹೇಳ್ಬೇಕು ಭಾವ? ಕಿವಿ ಕೇಳಿಸ್ತಿದೆ ತಾನೆ?”

“ನನಗೂ ಕೇಳಿಸ್ತಿದೆ, ಕೆಳಗೆ ಗೇಟು ಕಾಯೋನಿಗೂ ಕೇಳಿಸ್ತಿದೆ. ಇದು ಬಸ್ ಸ್ಟ್ಯಾಂಡ್ ಅಲ್ಲ, ವಿದೇಶಾಂಗ ಮಂತ್ರಿಯ ಕೋಣೆ. ಸ್ವಲ್ಪ ಮೆಲ್ಲಗೆ ಕೂಗಾಡು.”

“ಬಸ್ ಸ್ಟ್ಯಾಂಡಲ್ಲಿ ಜನ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಕೇಳಿ ಆಮೇಲೆ ಹತ್ತುತ್ತಾರೆ. ನೀವು ಮೊದಲೇ ಟಿಕೆಟ್ ಹರಿಸ್ಕೊಂಡು ಬಂದು, ಹತ್ತು ಪುಟ್ಟಿ, ಏನೂ ಕೇಳಬೇಡ ಅಂತಿದ್ದೀರಿ.”

ಮಂತ್ರಿ ಮೇಜಿನ ಮೇಲಿದ್ದ ಒಪ್ಪಂದದ ಕಡತವನ್ನು ಅಂಗೈಯಿಂದ ತಳ್ಳಿದಳು. ಅದು ಮೇಜಿನ ಗಾಜಿನ ಮೇಲೆ ಜಾರಿಕೊಂಡು ಹೋಗಿ ಭಾವನ ಹೊಟ್ಟೆಗೆ ತಾಗಿ ನಿಂತಿತು. ಭಾವ ಅದನ್ನು ನೆಟ್ಟಗೆ ಮಾಡಿ, ಹಾಳೆಗಳ ಅಂಚು ಹೊಂದಿಸಿ, ಮತ್ತೆ ಅವಳ ಮುಂದೆ ಇಟ್ಟರು. ಸಿಟ್ಟು ಬಂದಾಗ ಅವರ ಕೈ ಹೀಗೆ ಅಚ್ಚುಕಟ್ಟಾಗುತ್ತಿತ್ತು. ಅವಳದು ಮೂಗಿನ ತುದಿಯ ಸಿಟ್ಟು. ಭಾವನದು ಹೊಟ್ಟೆಯೊಳಗಿನದು, ಹೊರಬರಲು ಹೊತ್ತು ಹಿಡಿಯುತ್ತದೆ.

ಅವಳು ಬಸ್ ಕಂಡಕ್ಟರ್ ಆಗಿದ್ದವಳು. ಸಂಘ ಕಟ್ಟಿ, ಮುಷ್ಕರ ನಡೆಸಿ, ಚುನಾವಣೆ ಗೆದ್ದು ಈ ಕುರ್ಚಿಗೆ ಬಂದವಳು. ಪತ್ರಿಕೆಯವರು ಇವತ್ತಿಗೂ ಅವಳ ವ್ಯಂಗ್ಯಚಿತ್ರ ಬರೆದರೆ ಹೆಗಲಿಗೊಂದು ಟಿಕೆಟ್ ಚೀಲ ನೇತುಹಾಕುತ್ತಾರೆ. ಅವಳಿಗೆ ಬೇಸರವಿಲ್ಲ. ಅವುಗಳಲ್ಲಿ ಚೆನ್ನಾಗಿ ಬಂದ ಒಂದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದಾಳೆ. ಭಾವ ಅವಳ ಅಕ್ಕನ ಗಂಡ. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡವಳನ್ನು ಮನೆಗೆ ಕರೆತಂದು, ಮನೆಯವರ ಕೊಂಕು ಮಾತಿಗೆ ಸೊಪ್ಪು ಹಾಕದೆ ಓದಿಸಿದವರು. ಈಗ ಸರ್ಕಾರದ ಮುಖ್ಯ ಸಲಹೆಗಾರರು. ನಾಲ್ಕು ಜನರ ಎದುರು ‘ಮೇಡಂ’ ಅನ್ನುತ್ತಾರೆ, ಕೋಪ ಬಂದರೆ ‘ಪುಟ್ಟಿ’. ಅವಳು ಊರೆಲ್ಲರ ಜೊತೆ ಜಗಳ ಆಡಿದವಳು. ಭಾವನ ಜೊತೆ ಇದೇ ಮೊದಲು.

ಜಗಳದ ಮೂಲ ಇಷ್ಟೇ. ಉತ್ತರದ ದೊಡ್ಡ ದೇಶಕ್ಕೂ ಪೂರ್ವದ ದೊಡ್ಡ ದೇಶಕ್ಕೂ ಎಣ್ಣೆ ಸೀಗೆಕಾಯಿ. ಇಬ್ಬರ ಕಣ್ಣೂ ಇಲ್ಲಿನ ಸಮುದ್ರದ ತಳದ ಅದಿರಿನ ಮೇಲೆ, ಬ್ಯಾಟರಿ ಮಾಡಲು ಅದು ಬೇಕು. ಆ ಸಮುದ್ರ ಸುತ್ತಲಿನ ಐದು ಸಣ್ಣ ದೇಶಗಳಿಗೆ ಸೇರಿದ್ದು. ಅಗೆಯುವ ಮುಂಚೆ ಈ ಐವರ ಅಪ್ಪಣೆ ಬೇಕೇ ಬೇಡವೇ ಎಂದು ಮುಂದಿನ ತಿಂಗಳು ವಿಶ್ವಸಭೆಯಲ್ಲಿ ಮತ ನಡೆಯಲಿತ್ತು. ಉತ್ತರದವರು ಬೇಡ ಎನ್ನುತ್ತಿದ್ದರು. ಪೂರ್ವದವರು ಬೇಕು ಎನ್ನುತ್ತಿದ್ದರು, ಸಣ್ಣವರ ಮೇಲಿನ ಪ್ರೀತಿಗಲ್ಲ, ಉತ್ತರದವರಿಗೆ ಅಡ್ಡಗಾಲು ಹಾಕಲು. ಈಗ ಉತ್ತರದವರು ಬಂದರಿನ ಪಕ್ಕ ದೊಡ್ಡದೊಂದು ಆಸ್ಪತ್ರೆ ಕಟ್ಟಿಸಿಕೊಡುತ್ತೇವೆ ಎಂದು ಬಂದಿದ್ದರು. ಬದಲಿಗೆ ಅವರು ಕೇಳಿದ್ದು ಒಪ್ಪಂದದ ಮೂರನೆಯ ಕಲಮಿನಲ್ಲಿತ್ತು: ಉತ್ತರ ಪೂರ್ವಗಳ ನಡುವಿನ ಯಾವ ವಿವಾದದಲ್ಲೂ ಈ ದೇಶ ‘ತಟಸ್ಥ’ವಾಗಿರತಕ್ಕದ್ದು, ಮಾತಾಡಕೂಡದು, ಮತ ಹಾಕಕೂಡದು. ಅವರ ರಾಯಭಾರಿ ಸಂಜೆಯ ಸಹಿಗೆಂದು ಹೋಟೆಲಿನಲ್ಲಿ ಕಾದಿದ್ದ. ಇತ್ತ ಎದುರಿನ ಸಭಾಂಗಣದಲ್ಲಿ ನೆರೆಯ ನಾಲ್ಕು ದೇಶಗಳ ಮಂತ್ರಿಗಳು ಚಹಾ ಕುಡಿಯುತ್ತ ಅವಳಿಗೆ ಕಾದಿದ್ದರು. ಐವರೂ ಕೂಡಿ ಒಂದೇ ಹೇಳಿಕೆ ಕೊಡೋಣವೆಂದು ಅವರನ್ನು ಕರೆಸಿದ್ದು ಅವಳೇ.

“ಅವರು ಮೊದಲು ಬರೆದಿದ್ದು ‘ಮಿತ್ರರಾಷ್ಟ್ರ’ ಅಂತ,” ಎಂದರು ಭಾವ. “ವಾರಗಟ್ಟಲೆ ಕೂತು ಜಗ್ಗಾಡಿ, ಅದನ್ನ ಹೊಡೆಸಿ ‘ತಟಸ್ಥ’ ಅಂತ ಹಾಕಿಸಿದ್ದು ನಾನು. ಯಾರ ಬಾಲವೂ ಆಗಲ್ಲ, ನಾವು ಅಲಿಪ್ತರು ಅಂತ ಹೋದಲ್ಲೆಲ್ಲ ಗಂಟಲು ಹರ್ಕೋತೀಯಲ್ಲ. ತಗೋ, ನಿನ್ನ ಮಾತನ್ನೇ ಅವರ ಕೈಲಿ ಬರೆಸಿಕೊಂಡು ಬಂದಿದ್ದೀನಿ.”

“ಇದು ನನ್ನ ಮಾತಲ್ಲ. ಅಲಿಪ್ತ ಬೇರೆ, ತಟಸ್ಥ ಬೇರೆ.”

“ಎರಡೂ ಒಂದೇ.”

“ಮೇಷ್ಟ್ರೇ,” ಎಂದಳು ಅವಳು ಥಟ್ಟನೆ, “ನೀವು ಹೇಳಿ.”

ಕಿಟಕಿಯ ಬಳಿ ಪರದೆಯ ಜೊತೆ ಪರದೆಯಾಗಿ ಕೂತಿದ್ದ ಭಾಷಾಂತರದ ಮೇಷ್ಟ್ರು ಬೆಚ್ಚಿದರು. ಒಪ್ಪಂದಗಳ ಮಾತನ್ನು ತೂಗಿ ನೋಡುವುದು ಅವರ ಕೆಲಸ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

“ಸಂದರ್ಭ ನೋಡ್ಕೊಂಡು ಹೇಳ್ಬೇಕಾಗುತ್ತೆ ಮೇಡಂ. ಒಂದು ದೃಷ್ಟಿಯಿಂದ ಸರ್ ಹೇಳಿದ್ದು ಸರಿ. ಇನ್ನೊಂದು ದೃಷ್ಟಿಯಿಂದ ತಾವು ಹೇಳಿದ್ದೂ...”

“ನೋಡ್ಕೊಳ್ಳಿ ಭಾವ, ತಟಸ್ಥ ಅಂದ್ರೆ ಇವರು. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ.”

“ಏನಿಲ್ಲ ಮೇಡಂ,” ಎಂದರು ಮೇಷ್ಟ್ರು, ನಿಜಕ್ಕೂ ಬೇಜಾರಿಲ್ಲದ ದನಿಯಲ್ಲಿ. ಭಾವನಿಗೂ ನಗು ತಡೆಯಲಾಗಲಿಲ್ಲ. ಜಗಳ ಇಲ್ಲಿಗೆ ಮುಗಿಯಿತೇನೋ ಎನಿಸಿತು.

ಆದರೆ ಅವಳು ಬಿಡುವ ಪೈಕಿ ಅಲ್ಲ. “ತಟ ಅಂದ್ರೆ ದಡ. ದಡದ ಮೇಲೆ ನಿಂತವನು ತಟಸ್ಥ. ನೀರಲ್ಲಿ ಯಾರು ಮುಳುಗಿದ್ರೂ ಅವನ ಬಟ್ಟೆ ಒದ್ದೆಯಾಗಲ್ಲ. ಅವರು ಅಗೆಯೋಕೆ ಹೊರಟಿರೋದು ನಮ್ಮ ಸಮುದ್ರ, ನಾವು ಯಾವ ದಡದಲ್ಲಿ ನಿಲ್ಲೋಣ ಹೇಳಿ? ಲಿಪ್ತ ಅಂದ್ರೆ ಅಂಟಿಕೊಂಡಿರೋದು. ನಾವು ಯಾರಿಗೂ ಅಂಟಿಕೊಳ್ಳಲ್ಲ, ಆದ್ರೆ ಬಾಯಿ ನಮ್ಮದೇ ಇರುತ್ತೆ. ಉತ್ತರದವರು ಸರಿ ಮಾಡಿದ್ರೆ ಸರಿ ಅಂತೀವಿ, ಪೂರ್ವದವರು ತಪ್ಪು ಮಾಡಿದ್ರೆ ತಪ್ಪು ಅಂತೀವಿ. ಇದಕ್ಕೆ ಸಹಿ ಹಾಕಿದ್ರೆ ಮುಂದಿನ ತಿಂಗಳು ನಮ್ಮ ಸಮುದ್ರದ ಮತಕ್ಕೇ ನಾವು ಕೈ ಎತ್ತೋಹಾಗಿಲ್ಲ. ಬಾಯಿಗೆ ಬೀಗ ಜಡಿದು ಕೀಲಿ ಅವರ ಕೈಗೆ ಕೊಟ್ಟ ಹಾಗೆ.”

“ಅಲಿಪ್ತ ಅನ್ನೋದು ಮುಗಿದ ಕಾಲದ ಮಾತು ಪುಟ್ಟಿ. ಆಗ ದೊಡ್ಡವರು ಒಬ್ಬರಿಗೊಬ್ಬರು ಹೆದರಿ ಸಣ್ಣವರನ್ನ ಓಲೈಸ್ತಿದ್ರು. ಈಗ ನಮ್ಮ ಫೋನು ಅವರದು, ಔಷಧಿ ಅವರದು, ಕರೆಂಟು ಹಂಚೋ ಕಂಪ್ಯೂಟರೂ ಅವರದೇ. ಗುಂಡಿ ಒತ್ತಿದ್ರೆ ಊರೆಲ್ಲ ಕತ್ತಲೆ. ಒಬ್ಬರ ನೆರಳಾದ್ರೂ ಬೇಕು. ಅಡಕತ್ತರಿಯಲ್ಲಿ ನೀನಾಗೇ ಹೋಗಿ ಕೂತ್ಕೋಬೇಡ.”

ಇದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯೂ ಬೇಕಿತ್ತು. ಈಗಿರುವ ಸರ್ಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಹೆತ್ತ ಹೆಂಗಸರು ನೆಲದ ಮೇಲೆ ಮಲಗಿರುತ್ತಿದ್ದರು. ಹೋದ ವಾರ ಅವರ ನಡುವೆ ಹೆಜ್ಜೆ ಹುಡುಕಿಕೊಂಡು ನಡೆದು ಬಂದವಳು ಅವಳು. ಒಬ್ಬಳು ಮಗುವಿನ ಮುಖಕ್ಕೆ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದುದು ಇನ್ನೂ ಕಣ್ಣಲ್ಲೇ ಇತ್ತು.

“ಆಗಿನ ಹಿರಿಯರ ಹತ್ರ ಒಳ್ಳೇ ಭಾಷಣ ಇತ್ತು, ಮಾರೋಕೆ ಏನೂ ಇರ್ಲಿಲ್ಲ,” ಎಂದಳು, ದನಿ ಇಳಿಸಿ. “ಈಗ ಅವರ ಫೋನಿಗೆ ಬೇಕಾದ್ದು ನಮ್ಮ ನೀರಿನ ಕೆಳಗಿದೆ. ಒಬ್ಬೊಬ್ಬರೇ ಹೋದ್ರೆ ಆಸ್ಪತ್ರೆ ತೋರಿಸಿ ಜೇಬಿಗೆ ಹಾಕ್ಕೋತಾರೆ. ಐದೂ ದೇಶ ಸೇರಿ ಒಂದೇ ದರ, ಒಂದೇ ಷರತ್ತು, ಯಾರು ಬೇಕಾದ್ರೂ ಬನ್ನಿ, ಯುದ್ಧದ ಹಡಗು ಮಾತ್ರ ಬೇಡ ಅಂದ್ರೆ ಏನು ಮಾಡ್ತಾರೆ? ಹೋದ ವರ್ಷ ಉತ್ತರದವರು ಮುನಿಸ್ಕೊಂಡು ಇನ್ಸುಲಿನ್ ತಡೆದ್ರು. ಅರ್ಧ ಪೂರ್ವದವರಿಂದ ತಂದ್ವಿ, ಉಳಿದರ್ಧ ಪಕ್ಕದ ದೇಶದ ಕಾರ್ಖಾನೆಯಿಂದ ಬಂತು. ಉತ್ತರದವರನ್ನೇ ನಂಬ್ಕೊಂಡಿದ್ರೆ ಅವತ್ತು ಎಷ್ಟು ಜನ ಸಾಯ್ತಿದ್ರು?”

“ಮತ್ತೆ ಆಸ್ಪತ್ರೆ?”

“ಕಟ್ತೀವಿ. ತಡವಾಗುತ್ತೆ, ಇಷ್ಟು ದೊಡ್ಡದಿರಲ್ಲ. ಜನ ಬೈತಾರೆ. ನಂಗೆ ಬೈಸಿಕೊಂಡು ಅಭ್ಯಾಸ ಇಲ್ವಾ.”

ಭಾವ ಎದ್ದು ನಿಂತರು. “ನಾನು ರಾಯಭಾರಿಗೆ ಮಾತು ಕೊಟ್ಟಿದ್ದೀನಿ. ನಾನು ಬೆಳೆಸಿದ ಹುಡುಗಿ, ನನ್ನ ಮಾತು ಮೀರಲ್ಲ ಅಂತ ಹೇಳಿದ್ದೀನಿ.”

ಅದು ಅವಳಿಗೆ ಚುಚ್ಚಿತು. ಚಿಕ್ಕಂದಿನಲ್ಲಿ ಶಾಲೆಯ ಬಾಗಿಲಲ್ಲಿ ‘ಇವಳು ನಮ್ಮ ಮನೆ ಹುಡುಗಿ’ ಎಂದು ಭಾವ ಹೇಳಿದಾಗ ಹಿಗ್ಗಿ ಹೋಗಿದ್ದವಳು ಅವಳು. ಆ ಋಣ ತೀರುವಂಥದ್ದಲ್ಲ. ಆದರೆ ಅದು ಅವಳ ಋಣ, ದೇಶದ್ದಲ್ಲ.

“ಕೊಡೋ ಮುಂಚೆ ನನ್ನನ್ನ ಕೇಳ್ಬೇಕಿತ್ತು. ನೀವು ಕೊಟ್ಟು ಬಂದಿದ್ದು ನನ್ನ ಮಾತು ಭಾವ.”

“ಹಾಗಾದ್ರೆ ಈ ಬಾಗಿಲು ದಾಟಿದ ಮೇಲೆ ನಾನು ಸಲಹೆಗಾರನೂ ಅಲ್ಲ, ನಿನ್ನ ಭಾವನೂ ಅಲ್ಲ. ಯೋಚನೆ ಮಾಡು.”

ಅವಳು ಯೋಚಿಸಿದಳು. ಭಾವ ಆಡಿದ ಮಾತಿಗೆ ತಪ್ಪುವವರಲ್ಲ, ಅದೂ ಗೊತ್ತಿತ್ತು. ಹೇಳಬೇಕಾದ್ದು ಮಾತ್ರ ಬದಲಾಗಲಿಲ್ಲ.

“ಅಕ್ಕನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ,” ಎಂದಳು. “ನೀವು ಹೇಳೋಕೆ ಹೋದ್ರೆ ಅರ್ಧದಲ್ಲೇ ಅಳೋಕೆ ಶುರು ಮಾಡ್ತೀರಿ.”

ಈ ಸಲ ಭಾವ ನಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡರು. ಮೇಷ್ಟ್ರಿಗೆ ತಲೆಬಾಗಿ, ಕಡತವನ್ನು ಮೇಜಿನ ಮೇಲೇ ಬಿಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಹೋದರು.

“ಐವರ ಹೇಳಿಕೆಯಲ್ಲಿ ಯಾವ ಮಾತು ಹಾಕಿದ್ದೀರಿ ಮೇಷ್ಟ್ರೇ?”

“ಅಲಿಪ್ತ ಅಂತಲೇ ಮೇಡಂ. ಬೆಳಿಗ್ಗೆಯೇ ಬರೆದಿಟ್ಟಿದ್ದೆ,” ಎಂದರು ಮೇಷ್ಟ್ರು, ನೆಲ ನೋಡುತ್ತ. ಆಮೇಲೆ ಕೇಳಿದರು, “ಸರ್ ತಿರುಗಿ ಬರ್ತಾರೇನೋ. ಸ್ವಲ್ಪ ಕಾಯೋಣವಾ?”

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು.

“ಬರಲ್ಲ. ನಡೀರಿ, ಅವರ ಚಹಾ ಆರಿರುತ್ತೆ.”

ಅವಳು ಕಾರಿಡಾರ್ ದಾಟಿ ಸಭಾಂಗಣದ ಬಾಗಿಲು ತಳ್ಳಿದಳು. ನಾಲ್ವರೂ ಎದ್ದು ನಿಂತರು. ಸಂಜೆಯಾಗುವ ಮುಂಚೆ ಹೇಳಿಕೆಗೆ ಐವರ ಸಹಿಯೂ ಬಿತ್ತು. ಭಾವ ಆ ಕಟ್ಟಡದ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.